ಅಮ್ಮ ಆರಾಮಾಗಿ ಮಲಗಿದ್ದಾಳೆ ಎಂದು ನಂಬಿ ಕೂತಿದ್ದೆವು: ಹೋಂ ನರ್ಸ್ ಇಡುವವರಿಗೆ ಒಂದು ಎಚ್ಚರಿಕೆ

ಮನೆಯಲ್ಲಿರುವ ಹಿರಿಯರನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಜನ ಕರೆಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಈಗಾಗಲೇ ಕರೆಸಿದ್ದರೆ, ಓದುವ ಮೊದಲು ಹೋಗಿ ಆ ಹಿರಿಯರನ್ನು ಮಗ್ಗುಲಾಗಿಸಿ ಬೆನ್ನಿನ ಕೆಳಭಾಗ ನೋಡಿಕೊಂಡು ಬನ್ನಿ.

ನಮ್ಮ ಅಮ್ಮನಿಗೆ 78 ವರ್ಷ. ಶಿವಮೊಗ್ಗದ ಮನೆಯಲ್ಲಿ ಒಬ್ಬಳೇ ಇದ್ದಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ದಿನವೇ ಫಿಸಿಯೋಥೆರಪಿಸ್ಟ್ ಬಂದು ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದ್ದರು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: "ಮಲಗಿಸಿಡಬೇಡಿ, ನಡೆಸಿ." ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಅಣ್ಣ ಪುಣೆಯಲ್ಲಿ. ಇಬ್ಬರೂ ರಜೆ ಹಾಕಿ ಮೂರು ವಾರ ನೋಡಿಕೊಂಡೆವು. ಆಮೇಲೆ ಏಜೆನ್ಸಿಗೆ ಫೋನ್ ಮಾಡಿದೆವು.

ವಾಟ್ಸಾಪ್‌ನಲ್ಲಿ ಬಂದ ಜಾಹೀರಾತಿನಲ್ಲಿ "ತರಬೇತಿ ಪಡೆದ ಹೋಂ ನರ್ಸ್, 24 ಗಂಟೆ ಸೇವೆ" ಎಂದಿತ್ತು. ತಿಂಗಳಿಗೆ 26,000 ರೂಪಾಯಿ, ಜೊತೆಗೆ ನೋಂದಣಿಗೆಂದು 8,000. ಅದನ್ನು ವಾಪಸ್ ಕೊಡುವುದಿಲ್ಲ ಎಂದರು. ನಾವು ಕೇಳಿದ ಪ್ರಶ್ನೆ ಒಂದೇ, "ಯಾವಾಗ ಕಳಿಸ್ತೀರಿ?" ಏನು ಓದಿದ್ದಾಳೆ, ಎಲ್ಲಿ ಕಲಿತಿದ್ದಾಳೆ, ಹಿಂದೆ ಯಾರ ಮನೆಯಲ್ಲಿದ್ದಳು, ಒಂದನ್ನೂ ಕೇಳಲಿಲ್ಲ. ಕೈಕಾಲು ಬಿದ್ದುಹೋಗುವಷ್ಟು ದಣಿದಿದ್ದೆವು. ಅಂಥ ಹೊತ್ತಿನಲ್ಲೇ ಇಂಥ ತಪ್ಪುಗಳಾಗುತ್ತವೆ.

ಬಂದವಳು ರಾಯಚೂರು ಕಡೆಯ ಹುಡುಗಿ. 22 ವರ್ಷ ಇರಬಹುದು. ಮೆದು ಮಾತು, ಮನೆಯನ್ನೆಲ್ಲ ಒಪ್ಪವಾಗಿ ಇಡುತ್ತಿದ್ದಳು. ಮೊದಲ ವಾರ ಫೋನ್ ಮಾಡಿದಾಗಲೆಲ್ಲ ಅಮ್ಮ ದೂರುತ್ತಿದ್ದಳು. ಸಾರಿಗೆ ಉಪ್ಪಿಲ್ಲ, ಫ್ಯಾನ್ ಜೋರಾಯ್ತು, ರಾತ್ರಿ ಕರೆದರೆ ಏಳುವುದಿಲ್ಲ. ಎರಡನೇ ವಾರದಿಂದ ದೂರು ನಿಂತಿತು. ವಿಡಿಯೋ ಕಾಲ್ ಮಾಡಿದರೆ ಹುಡುಗಿ ಫೋನನ್ನು ಹಾಸಿಗೆಯ ಕಡೆ ತಿರುಗಿಸಿ, "ಅಜ್ಜಿ ಮಲ್ಕೊಂಡಾರ್ರೀ ಅಕ್ಕಾ, ಆರಾಮ್ ಅದಾರ" ಅನ್ನುತ್ತಿದ್ದಳು. ಇಸ್ತ್ರಿ ಮಾಡಿದ ಹೊದಿಕೆ, ಬಾಚಿದ ತಲೆ, ಹಣೆಗೆ ಕುಂಕುಮ. ನಾನು ದೇವರಿಗೆ ಕೈ ಮುಗಿದೆ.

ಒಮ್ಮೆ ಅಮ್ಮನೇ ಫೋನ್ ತೆಗೆದುಕೊಂಡು, "ನಿದ್ದೆ ಮುಗೀತಾನೇ ಇಲ್ಲ ಕಣೇ" ಅಂದಳು. ಆಪರೇಷನ್ ಆದ ಮೈ, ವಿಶ್ರಾಂತಿ ಬೇಕಿರುತ್ತದೆ ಅಂದುಕೊಂಡೆ. ಇನ್ನೊಂದು ದಿನ, ತೀರಿಹೋಗಿ 20 ವರ್ಷವಾದ ನಮ್ಮ ಸೋದರಮಾವ ಊಟಕ್ಕೆ ಬಂದಿದ್ದಾನೆ, ಎಲೆ ಹಾಕು ಎಂದಳು. ಅಣ್ಣ, ನಾನು ಇಬ್ಬರೂ ಸೇರಿ ಅದಕ್ಕೊಂದು ಹೆಸರು ಕೊಟ್ಟೆವು: ಅರಳುಮರಳು. ಆ ಒಂದು ಪದ ನಮ್ಮನ್ನು ಎರಡು ವಾರ ಸುಮ್ಮನಿರಿಸಿತು. ಬೀಳುವ ಹಿಂದಿನ ದಿನದವರೆಗೂ ಹಾಲಿನ ಲೆಕ್ಕ, ಪೆನ್ಷನ್ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವಳಿಗೆ ಕೆಲವೇ ವಾರಗಳಲ್ಲಿ ಹೇಗೆ ಅರಳುಮರಳಾಗುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಆರನೇ ವಾರದ ಶನಿವಾರ ಹೇಳದೆಯೇ ಹೊರಟು ಹೋದೆ. ಕೋಣೆಯ ಬಾಗಿಲಲ್ಲೇ ಊದುಬತ್ತಿಯ ಹೊಗೆಯ ಅಡಿಯಿಂದ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಅಮ್ಮನನ್ನು ಮಗ್ಗುಲಾಗಿಸಿದೆ. ಬೆನ್ನುಮೂಳೆ ಮುಗಿಯುವ ಜಾಗದಲ್ಲಿ, ಬೆನ್ನಿಗೆಲ್ಲ ಬಳಿದಿದ್ದ ಪೌಡರಿನ ನಡುವೆ, ಐದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಮಚ್ಚೆ. ಸುತ್ತ ಗಟ್ಟಿ, ಬಿಸಿ. ಮಗ್ಗುಲು ಬದಲಿಸದೆ ಮಲಗಿದ್ದರೆ ಆಗುವ ಹಾಸಿಗೆ ಹುಣ್ಣು (ಬೆಡ್‌ಸೋರ್) ಅದು. ಹಿಮ್ಮಡಿಯಲ್ಲಿ ಇನ್ನೊಂದು ಶುರುವಾಗಿತ್ತು. ಸೋಮವಾರ ಸರ್ಜನ್ ಆ ಕರಿ ಚರ್ಮ ಕತ್ತರಿಸಿ ತೆಗೆದಾಗ ಒಳಗಿನ ಗಾಯ ಹೊರಗೆ ಕಂಡದ್ದಕ್ಕಿಂತ ದೊಡ್ಡದಿತ್ತು. ಹೆಬ್ಬೆರಳಿನ ತುದಿ ಮುಳುಗುವಷ್ಟು ಆಳ.

ಹುಣ್ಣಾಗದಿರಲೆಂದು ಮೋಟರಿನಿಂದ ಗಾಳಿ ತುಂಬುವ ಏರ್‌ಬೆಡ್ ತಂದುಕೊಟ್ಟಿದ್ದೆವಲ್ಲ ಎಂದು ಹಾಸಿಗೆ ಮುಟ್ಟಿ ನೋಡಿದರೆ ಗಾಳಿಯೇ ಇಲ್ಲ. ಆ ಕೋಣೆಯಲ್ಲಿ ಮಂಚದ ಹತ್ತಿರ ಇರುವುದು ಒಂದೇ ಪ್ಲಗ್ ಪಾಯಿಂಟ್. ಅದರಲ್ಲಿ ಹುಡುಗಿಯ ಮೊಬೈಲ್ ಚಾರ್ಜರ್ ಇತ್ತು, ಏರ್‌ಬೆಡ್‌ನ ಮೋಟರ್ ವೈರು ಮಂಚದ ಕಾಲಿಗೆ ಸುತ್ತಿಟ್ಟಿತ್ತು. ಎಕ್ಸ್‌ಟೆನ್ಷನ್ ಬಾಕ್ಸ್ ಒಂದನ್ನು ತಂದಿಡಬೇಕೆಂದು ನಮಗೂ ತೋಚಿರಲಿಲ್ಲ.

ಅಡುಗೆಮನೆಯ ಚಹಾಪುಡಿ ಡಬ್ಬಿಯ ಹಿಂದೆ ಮಾತ್ರೆಯ ಎರಡು ಪಟ್ಟಿಗಳು ಸಿಕ್ಕವು. ಡಾಕ್ಟರ್ ಬರೆದ ಚೀಟಿಯಲ್ಲಿ ಅವು ಇರಲಿಲ್ಲ. ಶೀತಕ್ಕೆ, ತುರಿಕೆಗೆ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಟ್ಟುಬಿಡುವ, ಮಂಪರು ಬರಿಸುವ ಹಳೇ ಕಾಲದ ಅಲರ್ಜಿ ಮಾತ್ರೆ. ರಾತ್ರಿ ಎರಡು, ಕೆಲವೊಮ್ಮೆ ಮಧ್ಯಾಹ್ನವೂ ಒಂದು.

ಡಾಕ್ಟರು ಇದನ್ನು ಬಿಡಿಸಿ ಹೇಳಿದರು. ಈ ಬಗೆಯ ಮಾತ್ರೆಗಳು ವಯಸ್ಸಾದ ದೇಹದಿಂದ ಬೇಗ ಹೊರಹೋಗುವುದಿಲ್ಲ. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಮೂತ್ರ ನಿಲ್ಲಬಹುದು, ತಲೆಯಲ್ಲಿ ಗೊಂದಲ ಏಳುತ್ತದೆ. 65 ದಾಟಿದವರಿಗೆ ಆದಷ್ಟೂ ಕೊಡಬಾರದ ಔಷಧಿಗಳೆಂದು ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಪ್ರಕಟಿಸುವ ಬೀರ್ಸ್ ಪಟ್ಟಿಯಲ್ಲೂ ಇವು ಇವೆ. ಮಂಪರಿನಲ್ಲಿದ್ದವಳು ವಾಕರ್ ಹಿಡಿಯಲಿಲ್ಲ. ನಡೆಯದವಳು ಮಲಗಿಯೇ ಇದ್ದಳು. ತಾನಾಗಿ ಮಗ್ಗುಲು ಬದಲಿಸುವ ಎಚ್ಚರವೂ ಇರಲಿಲ್ಲ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯದೆ ಅದು ಒಳಗಿಂದಲೇ ಸತ್ತಿತ್ತು. ಮಾತ್ರೆ ನಿಲ್ಲಿಸಿದ ಐದನೇ ದಿನ ಅಮ್ಮ, "ಇವತ್ತು ಏನು ವಾರ? ಹಾಲಿನವನಿಗೆ ದುಡ್ಡು ಕೊಟ್ರಾ?" ಎಂದು ಕೇಳಿದಳು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಆ ಹುಡುಗಿಯನ್ನು ಕೇಳಿದೆ. ಮೊದಲು ಸುಳ್ಳು ಹೇಳಿದಳು, ಆಮೇಲೆ ಅಳುತ್ತಾ ಒಪ್ಪಿಕೊಂಡಳು. ಅಮ್ಮ ರಾತ್ರಿಗೆ ಆರೇಳು ಸಲ ಎಬ್ಬಿಸುತ್ತಿದ್ದಳು. ಬೆಳಗ್ಗೆಯಿಂದ ರಾತ್ರಿವರೆಗೆ ಕೆಲಸ, ರಾತ್ರಿ ನಿದ್ದೆ ಇಲ್ಲ, ವಾರದ ರಜೆಯೂ ಇಲ್ಲ. ಹಿಂದೆ ಕೆಲಸಕ್ಕಿದ್ದ ಮನೆಯಲ್ಲಿ ಇನ್ನೊಬ್ಬಳು ಈ ಉಪಾಯ ಹೇಳಿಕೊಟ್ಟಿದ್ದಳಂತೆ. ಅವಳ ತರಬೇತಿ ಅಂದರೆ ಏಜೆನ್ಸಿಯ ಆಫೀಸಿನಲ್ಲಿ ಮೂರು ದಿನ. ನಾವು ಕೊಡುತ್ತಿದ್ದ 26,000ದಲ್ಲಿ ಅವಳ ಕೈಗೆ ಸಿಗುತ್ತಿದ್ದದ್ದು 14,000. ಅವಳು ಮಾಡಿದ್ದು ಸಣ್ಣ ತಪ್ಪಲ್ಲ, ಅಮ್ಮನ ಜೀವಕ್ಕೇ ಕುತ್ತಾಗಬಹುದಿತ್ತು. ಆದರೆ ಒಂದು ಜೀವದಿಂದ 24 ಗಂಟೆಯ ದುಡಿಮೆ ಕೊಳ್ಳಬಹುದು ಎಂದು ನಂಬಿದ್ದು ನಾವು, ಮಾರಿದ್ದು ಏಜೆನ್ಸಿ.

ಏಜೆನ್ಸಿಯವರು, "ನಾವು ಜನ ಕಳಿಸ್ತೀವಿ ಅಷ್ಟೇ ಮೇಡಂ, ನೋಡ್ಕೊಳ್ಳೋದು ಫ್ಯಾಮಿಲಿ ಜವಾಬ್ದಾರಿ" ಎಂದರು. ರಸೀದಿ ತೆಗೆದು ನೋಡಿದೆ. ಅದರಲ್ಲಿ ನರ್ಸ್ ಎಂಬ ಪದವೇ ಇಲ್ಲ, "ಸೇವಾ ಶುಲ್ಕ" ಎಂದಷ್ಟೇ ಇದೆ. ನನ್ನ ಪುಣ್ಯಕ್ಕೆ ವಾಟ್ಸಾಪ್‌ನ ಜಾಹೀರಾತು ಅಳಿಸಿರಲಿಲ್ಲ. ಅದನ್ನೇ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ದಾರಿ ಗೊತ್ತಿಲ್ಲದವರು 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ.

ಈಗ ನನಗೆ ಗೊತ್ತಿರುವುದು ಅವತ್ತು ಗೊತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳುತ್ತೇನೆ. "ಹೋಂ ನರ್ಸ್" ಅನ್ನುವುದು ಬರೀ ಕರೆಯುವ ಹೆಸರು. ನಿಜವಾದ ನರ್ಸ್ ಆಗಿದ್ದರೆ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಕೇಳಿ. ಸ್ನಾನ, ಊಟ, ನಡಿಗೆಗೆ ಜೊತೆ ಬೇಕಿರುವುದಷ್ಟೇ ಆದರೆ ನರ್ಸ್ ಬೇಕಿಲ್ಲ, ಕಲಿತ ಸಹಾಯಕಿ ಸಾಕು. ಆದರೆ ಬಂದವರು ಯಾವ ಬಗೆಯವರು ಎಂದು ಗೊತ್ತಿರಲೇಬೇಕು, ಅದು ರಸೀದಿಯಲ್ಲಿ ಬರೆದಿರಬೇಕು. ಮೊದಲ ದಿನ ನೀವೇ ಮುಂದೆ ನಿಂತು, ಮಗ್ಗುಲು ಬದಲಿಸಿ ತೋರಿಸಲು ಹೇಳಿ. ಬರುತ್ತದೋ ಇಲ್ಲವೋ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಹಾಸಿಗೆಯಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲಾಗಿಸುವುದು ರೂಢಿ, ಏರ್‌ಬೆಡ್ ಇದ್ದರೂ ಮಗ್ಗುಲಾಗಿಸುವುದು ತಪ್ಪುವುದಿಲ್ಲ. ಬೆನ್ನಿನ ಕೆಳಭಾಗ, ಸೊಂಟದ ಎರಡೂ ಮಗ್ಗುಲು, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಇಷ್ಟನ್ನು ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಬೇಕು. ಪುಸ್ತಕಗಳಲ್ಲಿ "ಕೆಂಪಾಗುತ್ತದೆ, ಬೆರಳಿಂದ ಒತ್ತಿದರೂ ಬಿಳಿಚುವುದಿಲ್ಲ" ಎಂದಿರುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಕಾಣದೇ ಹೋಗಬಹುದು. ಸುತ್ತಲಿಗಿಂತ ಕಪ್ಪಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ನೋವಿದೆಯೇ ಎಂದು ಮುಟ್ಟಿ ನೋಡಿ. ಅಂಥ ಜಾಗವನ್ನು ಉಜ್ಜಬಾರದು. ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರ್ ಹಾಕುವ ಹಳೇ ಪದ್ಧತಿಯಿಂದ ಕೆಡುಕೇ ಹೆಚ್ಚು. ನಡುವೆ ತೂತಿರುವ ಗಾಳಿಯ ರಿಂಗ್ ಇಟ್ಟು ಕೂರಿಸುವುದೂ ಒಳ್ಳೆಯದಲ್ಲ, ಸುತ್ತಲಿನ ಒತ್ತಡ ರಕ್ತವನ್ನು ತಡೆಯುತ್ತದೆ.

ಮಾತ್ರೆಗಳನ್ನು ಎಣಿಸಿಡಿ. ಮನೆಯಲ್ಲಿ ನೀವು ತರದ ಮಾತ್ರೆ ಒಂದೂ ಇರಬಾರದು. ಹಿರಿಯರು ಹಠಾತ್ತಾಗಿ ಮಂಕಾದರೆ, ಹೊತ್ತುಗೊತ್ತಿಲ್ಲದೆ ನಿದ್ದೆ ಹೋದರೆ, ಇಲ್ಲದವರು ಇದ್ದಾರೆ ಎಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಔಷಧಿಯೋ, ಮೂತ್ರದ ಸೋಂಕೋ, ಉಪ್ಪಿನಂಶ ಇಳಿದದ್ದೋ, ಸರಿಪಡಿಸಬಹುದಾದ ಕಾರಣ ಇದ್ದೇ ಇರಬಹುದು. ವಿಡಿಯೋ ಕಾಲ್‌ನಲ್ಲಿ ಮುಖವಷ್ಟೇ ಕಾಣುತ್ತದೆ. ವಾರಕ್ಕೊಮ್ಮೆಯಾದರೂ ಪಕ್ಕದ ಮನೆಯವರೋ ನೆಂಟರೋ ಹೇಳದೆ ಹೋಗಿ ಹೊದಿಕೆ ಸರಿಸಿ ನೋಡುವಂತೆ ಏರ್ಪಾಡು ಮಾಡಿಕೊಳ್ಳಿ. ಯಾರೂ ಇಲ್ಲದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು, ಕರೆಗೆ ದುಡ್ಡಿಲ್ಲ.

ಗಾಯ ಮಾಯಲು ಹನ್ನೊಂದು ವಾರ ಹಿಡಿಯಿತು. ದಿನ ಬಿಟ್ಟು ದಿನ ಡ್ರೆಸ್ಸಿಂಗ್, ಪ್ರತಿದಿನ ಎರಡು ಮೊಟ್ಟೆಯ ಬಿಳಿಭಾಗ. ಜನ್ಮದಲ್ಲಿ ಮೊಟ್ಟೆ ಮುಟ್ಟದ ಅಮ್ಮ ಕಣ್ಣು ಮುಚ್ಚಿಕೊಂಡು ನುಂಗಿದಳು. ಈಗ ಹಗಲಿಗೊಬ್ಬರು, ರಾತ್ರಿಗೊಬ್ಬರು ಬರುತ್ತಾರೆ. ಇಬ್ಬರೂ ನಮ್ಮ ಬಡಾವಣೆಯವರೇ, ವಾರಕ್ಕೊಂದು ದಿನ ರಜೆ, ಸಂಬಳ ನೇರವಾಗಿ ಅವರ ಕೈಗೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಚೌಕದೊಳಗೆ ಅಮ್ಮ ಎಷ್ಟು ಸಲ ನಡೆದಳು ಎಂದು ಗೀಟು ಹಾಕುತ್ತಾರೆ. ನಿನ್ನೆಯ ಚೌಕದಲ್ಲಿ ನಾಲ್ಕು ಗೀಟು ಇತ್ತು. ಅಮ್ಮ ಈಗ ಮತ್ತೆ ಸಾರಿಗೆ ಉಪ್ಪಿಲ್ಲ ಎಂದು ದೂರುತ್ತಿದ್ದಾಳೆ.