ಬೆಂಗಳೂರು ದಂಡಿನ ನಡಿಗೆ: 1947ರವರೆಗೆ ಭೇಷ್, ಆಮೇಲಿನದ್ದು ಎಲ್ಲಿ?

ಬೆಂಗಳೂರಿನ ದಂಡು ಪ್ರದೇಶದ, ಅಂದರೆ ಕಂಟೋನ್ಮೆಂಟಿನ, ಸೇನಾ ಇತಿಹಾಸ ತೋರಿಸುವ ಭಾನುವಾರದ ನಡಿಗೆಗೆ ಹೋಗಿ ಬಂದೆ. ತಲೆಗೆ 600 ರೂಪಾಯಿ. ಸುಮಾರು ಮೂರು ಗಂಟೆ. ಟ್ರಿನಿಟಿ ಮೆಟ್ರೋ ನಿಲ್ದಾಣದ ಹತ್ತಿರ ಶುರುವಾಗಿ ಬ್ರಿಗೇಡ್ ರಸ್ತೆಯ ಕೊನೆಯಲ್ಲಿ ಮುಗಿಯುತ್ತದೆ. ನಡೆಸುವವರ ಹೆಸರು ಹಾಕುತ್ತಿಲ್ಲ, ಕೊರತೆ ಅನಿಸಿದ್ದನ್ನು ಅವರಿಗೇ ಬರೆದು ಕಳಿಸಿದ್ದೇನೆ. ಇಂಥ ನಡಿಗೆಗೆ ಹೋಗಬೇಕು ಅಂದುಕೊಂಡವರಿಗೆ ಅನುಕೂಲವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಗೈಡ್ ತುಂಬಾ ಓದಿಕೊಂಡವರು, ಅದರಲ್ಲಿ ಎರಡು ಮಾತಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರ ಪಡೆ ಶ್ರೀರಂಗಪಟ್ಟಣದಲ್ಲೇ ಬೀಡುಬಿಟ್ಟಿದ್ದು, ಅಲ್ಲಿ ಮಲೇರಿಯಾ ಕಾಟ ತಡೆಯಲಾಗದೆ 1809ರಲ್ಲಿ ಬೆಂಗಳೂರಿನ ಹಲಸೂರು ಕಡೆಗೆ ಬಂದಿದ್ದು, ಇದನ್ನೆಲ್ಲ ಹಳೇ ನಕ್ಷೆಯೊಂದನ್ನು ಬಿಡಿಸಿ ಹಿಡಿದು ನಿಧಾನವಾಗಿ ಹೇಳಿದರು. ಎಂ.ಜಿ. ರಸ್ತೆ ಆಗ ಸೌತ್ ಪರೇಡ್, ಅಂದರೆ ಪರೇಡ್ ಮೈದಾನದ ದಕ್ಷಿಣದ ಅಂಚು. ಕಾಮರಾಜ ರಸ್ತೆ ಕ್ಯಾವಲ್ರಿ ರಸ್ತೆ ಆಗಿತ್ತು. ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ ಅಂತ ದಿನಾ ಹೇಳುತ್ತೇವೆ, ಒಂದು ಸೇನೆಯ ಬೀಡಿನೊಳಗೆ ಓಡಾಡುತ್ತಿದ್ದೇವೆ ಅಂತ ಯೋಚನೆಗೇ ಬಂದಿರುವುದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಸಿಪಾಯಿಗಳಲ್ಲದವರ ಕತೆ. ಪಡೆ ಬಂದರೆ ಅದರ ಹಿಂದೆಯೇ ಅಡುಗೆಯವರು, ದರ್ಜಿಗಳು, ಅಗಸರು, ಕುದುರೆ ನೋಡಿಕೊಳ್ಳುವವರು, ದಿನಸಿ ಗುತ್ತಿಗೆದಾರರು ಬರುತ್ತಾರೆ. ತಮಿಳು ಸೀಮೆಯಿಂದ ಬಂದ ಎಷ್ಟೋ ಕುಟುಂಬಗಳು ಹಲಸೂರು, ಶಿವಾಜಿನಗರದ ಕಡೆ ನೆಲೆ ನಿಂತಿದ್ದು ಹೀಗೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟಾಗಲೂ ದಂಡನ್ನು ಮಾತ್ರ ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪೇಟೆಗೂ ದಂಡಿಗೂ ಸೇರಿ ಒಂದೇ ನಗರಾಡಳಿತ ಆಗಿದ್ದು 1949ರಲ್ಲಿ. ಪೇಟೆ ಬೆಂಗಳೂರು ಬೇರೆ, ದಂಡು ಬೆಂಗಳೂರು ಬೇರೆ ಅನ್ನುವ ಭಾವನೆ ಎಲ್ಲಿಂದ ಬಂತು ಅಂತ ಇಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಟ್ರಿನಿಟಿ ಚರ್ಚ್ ಚೆನ್ನಾಗಿದೆ. ಮುಂದೆ ಬ್ರಿಟನ್ ಪ್ರಧಾನಿಯಾದ ಚರ್ಚಿಲ್ ಯುವ ಸೇನಾಧಿಕಾರಿಯಾಗಿ ಇಲ್ಲಿದ್ದರು, ಆ ವಿಷಯಕ್ಕೆ ಅಷ್ಟೊಂದು ಹೊತ್ತು ಬೇಕಿರಲಿಲ್ಲ. ಬೆಂಗಳೂರು ಕ್ಲಬ್ಬಿನಲ್ಲಿ ಅವರು 13 ರೂಪಾಯಿ ಬಾಕಿ ಉಳಿಸಿಕೊಂಡ ಕತೆ ಈ ಊರಲ್ಲಿ ಎಲ್ಲರಿಗೂ ಗೊತ್ತು ಅಲ್ವಾ?

ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಸೇರುವ ಕಡೆ ಇರುವ ಯುದ್ಧ ಸ್ಮಾರಕದ ಹತ್ತಿರ ಮಾತ್ರ ಬೇಗ ಮುಗಿಸಿಬಿಟ್ಟರು. ಅದು ಮದ್ರಾಸ್ ಪಯೋನಿಯರ್ ಪಡೆಗಳ ಸ್ಮಾರಕ. ಬಂದೂಕಿನ ಜೊತೆಗೆ ಗುದ್ದಲಿ, ಸಲಿಕೆ ಹೊತ್ತು ದಾರಿ ಮಾಡಿಕೊಡುತ್ತಿದ್ದ ಸೈನಿಕರು ಇವರು. ಮೊದಲ ಮಹಾಯುದ್ಧದಲ್ಲಿ ಬೇರೆಯವರ ಸಾಮ್ರಾಜ್ಯಕ್ಕಾಗಿ ದೂರದ ನೆಲದಲ್ಲಿ ಸತ್ತರು. ಅಲ್ಲಿ ಹತ್ತು ನಿಮಿಷ ಜಾಸ್ತಿ ನಿಲ್ಲಬೇಕಿತ್ತು. ಗೈಡ್ ಕೈಯಲ್ಲಿ ಮೈಕ್ ಇರಲಿಲ್ಲ, ಬಸ್ಸುಗಳ ಗದ್ದಲದಲ್ಲಿ ಹಿಂದೆ ನಿಂತವರಿಗೆ ಏನೂ ಕೇಳಿಸಲಿಲ್ಲ.

ನನ್ನ ದೊಡ್ಡ ತಕರಾರು ಬೇರೆ. ಕತೆ 1947ಕ್ಕೇ ನಿಂತುಬಿಟ್ಟಿತು. ರಾಜರ ಪಡೆ, ಕಂಪನಿಯ ಪಡೆ, ಸಾಮ್ರಾಜ್ಯದ ಪಡೆ ಅಂತ ಎಲ್ಲ ಹೇಳಿ, ಅದೇ ಸೇನೆ ಚುನಾಯಿತ ಸರ್ಕಾರದ ಕೈಕೆಳಗೆ ಹೇಗೆ ಬಂತು, ಜನರ ಸೇನೆ ಹೇಗಾಯಿತು ಅನ್ನುವುದನ್ನೇ ಬಿಟ್ಟರೆ ಹೇಗೆ? ಅದನ್ನು ಹೇಳಲು ದೂರ ಹೋಗಬೇಕಾಗಿಯೂ ಇರಲಿಲ್ಲ. ನಾವು ನಿಂತಿದ್ದ ರೆಸಿಡೆನ್ಸಿ ರಸ್ತೆಯ ಅಧಿಕೃತ ಹೆಸರು ಫೀಲ್ಡ್ ಮಾರ್ಷಲ್ ಕಾರಿಯಪ್ಪ ರಸ್ತೆ. ಸ್ವಲ್ಪ ಆಚೆಗಿರುವ ರಿಚ್ಮಂಡ್ ರಸ್ತೆ ಜನರಲ್ ತಿಮ್ಮಯ್ಯ ರಸ್ತೆ. ಇಬ್ಬರೂ ಕೊಡಗಿನವರು. ಕಾರಿಯಪ್ಪ 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, ಆ ದಿನವನ್ನೇ ಈಗಲೂ ಸೇನಾ ದಿನ ಅಂತ ಆಚರಿಸುತ್ತೇವೆ.

ತಿಮ್ಮಯ್ಯನವರ ಕತೆಯಂತೂ ಈ ನಡಿಗೆಗೆ ಹೇಳಿ ಮಾಡಿಸಿದ್ದು. 1959ರಲ್ಲಿ ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಾಣಿಕೆ ಆಗದೆ ರಾಜೀನಾಮೆ ಬರೆದುಕೊಟ್ಟರು. ನೆಹರೂ ಕರೆದು ಮಾತಾಡಿದ ಮೇಲೆ ವಾಪಸ್ ತೆಗೆದುಕೊಂಡರು. ಆಮೇಲೆ ನೆಹರೂ ಸಂಸತ್ತಿನಲ್ಲಿ ಅವರನ್ನೇ ಟೀಕಿಸಿದರು, ಸೇನೆಗಿಂತ ನಾಗರಿಕ ಆಡಳಿತವೇ ಮೇಲು ಅಂತ ಸ್ಪಷ್ಟವಾಗಿ ಹೇಳಿದರು. ತಿಮ್ಮಯ್ಯನವರಿಗೆ ಎಷ್ಟು ನೋವಾಗಿರಬೇಡ. ಆದರೂ ಸುಮ್ಮನೆ ತಮ್ಮ ಕೆಲಸ ಮುಂದುವರಿಸಿ 1961ರಲ್ಲಿ ನಿವೃತ್ತರಾದರು. ಆ ರಾಜೀನಾಮೆ ಪ್ರಸಂಗದ ಹಿಂದಿನ ವರ್ಷವಷ್ಟೇ, 1958ರಲ್ಲಿ, ಪಾಕಿಸ್ತಾನದಲ್ಲಿ ಅಯೂಬ್ ಖಾನ್ ಅಧಿಕಾರ ಕಿತ್ತುಕೊಂಡಿದ್ದರು. 1962ರಲ್ಲಿ ಬರ್ಮಾದಲ್ಲೂ ಹಾಗೇ ಆಯಿತು. ಈ ಮೂರೂ ಸೇನೆಗಳು ಬ್ರಿಟಿಷರ ಆಳ್ವಿಕೆಯಲ್ಲೇ ಬೆಳೆದು ಬಂದವು. ಇಲ್ಲಿ ಮಾತ್ರ ಬ್ಯಾರಕ್ ಬಿಟ್ಟು ಹೊರಗೆ ಬರಲಿಲ್ಲ. ನನ್ನ ಪ್ರಕಾರ ಯಾವ ಯುದ್ಧದ ಗೆಲುವಿಗೂ ಇದು ಕಡಿಮೆಯಲ್ಲ. ತಿಮ್ಮಯ್ಯ ಸೇನಾ ಮುಖ್ಯಸ್ಥರಾಗುವ ಮುಂಚೆ ಕೊರಿಯಾದಲ್ಲಿ ಯುದ್ಧ ಕೈದಿಗಳ ಆಯೋಗ ನಡೆಸಿದ್ದರು, ಕೊನೆಗೆ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ ಸೈಪ್ರಸ್‌ನಲ್ಲಿ 1965ರಲ್ಲಿ ತೀರಿಕೊಂಡರು.

ಈ ಕೊರತೆ ಸ್ವಲ್ಪ ತುಂಬಿದವರು ನಮ್ಮ ಗುಂಪಿನಲ್ಲೇ ಇದ್ದ ನಿವೃತ್ತ ಸುಬೇದಾರರೊಬ್ಬರು. ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಅನ್ನುವ ಸೇನೆಯ ಎಂಜಿನಿಯರ್ ಪಡೆಯ ಕೇಂದ್ರದಲ್ಲಿ, ಅಂದರೆ ಎಂ.ಇ.ಜಿ.ಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಸೇವೆ ಮಾಡಿದವರು. 'ನಾವು ತಂಬಿಗಳು ಸರ್' ಅಂತ, ಆ ಪಡೆಯವರ ಅಡ್ಡಹೆಸರನ್ನೇ ಹೆಮ್ಮೆಯಿಂದ ಹೇಳಿಕೊಂಡರು. 1780ರಲ್ಲಿ ಕಂಪನಿಗಾಗಿ ಹುಟ್ಟಿದ ಪಡೆ ಅದು. ಕೋಟೆ ಒಡೆಯುವುದು, ಸುರಂಗ ತೋಡುವುದು ಅವರ ಮೂಲ ಕೆಲಸ. ಅದೇ ಪಡೆಯವರು 2024ರಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ಹೋಗಿ ಚೂರಲ್‌ಮಲದಲ್ಲಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಸುಮಾರು 31 ಗಂಟೆಯಲ್ಲಿ ಕಟ್ಟಿದರು. ಆ ತಂಡದಲ್ಲಿ ಮುಂದೆ ನಿಂತವರು ಮೇಜರ್ ಸೀತಾ ಶೆಲ್ಕೆ. ಸೇತುವೆ ಜೋಡಿಸುವ ರೀತಿಯನ್ನು ಸುಬೇದಾರರು ಫುಟ್‌ಪಾತ್ ಮೇಲೆ ಕೂತು ಬೆರಳಲ್ಲಿ ಗೆರೆ ಎಳೆದು ತೋರಿಸಿದರು: ಒಂದೊಂದು ಪ್ಯಾನೆಲ್ ಸುಮಾರು 260 ಕಿಲೋ, ಆರು ಜನ ಹೊತ್ತು ತರಬೇಕು, ವೆಲ್ಡಿಂಗ್ ಇಲ್ಲ, ಪಿನ್ ಹಾಕಿ ಕೂಡಿಸುತ್ತಾ ಈ ದಡದಿಂದ ಆ ದಡಕ್ಕೆ ತಳ್ಳುತ್ತಾ ಹೋಗುವುದು. ಎಲ್ಲರೂ ಗೈಡ್‌ನ ಬಿಟ್ಟು ಅವರ ಸುತ್ತ ನಿಂತಿದ್ದೆವು. ಗೈಡ್ ಕೂಡ ಕೇಳುತ್ತಾ ನಿಂತರು, ಅದು ಅವರ ದೊಡ್ಡತನ.

ಇನ್ನೊಂದು ವಿಷಯವನ್ನೂ ಸೇರಿಸಲಿ. ಸೇನಾ ಪೊಲೀಸ್‌ನಲ್ಲಿ ಮಹಿಳೆಯರ ಮೊದಲ ತಂಡ, 83 ಜನ, ತರಬೇತಿ ಮುಗಿಸಿ ಹೊರಬಂದಿದ್ದು ಇದೇ ಬೆಂಗಳೂರಿನಲ್ಲಿ, 2021ರ ಮೇನಲ್ಲಿ. ಗುಂಪಿನಲ್ಲಿ ಕಾಲೇಜು ಹುಡುಗಿಯರು ಎಷ್ಟೊಂದು ಜನ ಇದ್ದರು, ಅವರಿಗೆ ಇದನ್ನು ಹೇಳಲೇಬೇಕಿತ್ತು.

5ಕ್ಕೆ 3.5 ಕೊಡುತ್ತೇನೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಹೋಗುವವರು ಒಳ್ಳೇ ಶೂ ಹಾಕಿಕೊಳ್ಳಿ, ನೀರು ತಗೊಂಡು ಹೋಗಿ, ಗೈಡ್ ಪಕ್ಕದಲ್ಲೇ ನಡೆಯಿರಿ. ವಯಸ್ಸಾದವರಿಗೆ ಮಧ್ಯೆ ಕೂರಲು ಜಾಗ ಕಡಿಮೆ. ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಈ ದಾರಿಯಲ್ಲಿ ಬರುವುದಿಲ್ಲ, ಅದು ಜೆ.ಸಿ. ನಗರದಲ್ಲಿದೆ. 1918ರ ಸೆಪ್ಟೆಂಬರ್ 23ರಂದು, ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲ್‌ನ ಹೈಫಾ ಊರನ್ನು ಗೆದ್ದ ನಮ್ಮ ಮೈಸೂರಿನ ಕುದುರೆ ಸವಾರರ ನೆನಪಿಗೆ ಕಟ್ಟಿದ್ದು. ನಡಿಗೆ ಮುಗಿದ ಮೇಲೆ ಆಟೋ ಹಿಡಿದು ಅಲ್ಲಿಗೂ ಹೋಗಿ ಬನ್ನಿ.