ಲೇಹ್–ಧರ್ಮಶಾಲಾ '50 ನಿಮಿಷದ ಫ್ಲೈಟ್' ನಂಬಿ ದುಡ್ಡು ಕಟ್ಟಬೇಡಿ

ಲಡಾಖ್, ಹಿಮಾಚಲ ಪ್ರವಾಸಕ್ಕೆ ಪ್ಯಾಕೇಜ್ ನೋಡುತ್ತಿರುವ ಮೈಸೂರಿನವರು ದಯವಿಟ್ಟು ಇದನ್ನು ಓದಿ. ಲೇಹ್‌ನಿಂದ ಧರ್ಮಶಾಲಾಗೆ ನೇರ ವಿಮಾನ ಇದೆ, 50 ನಿಮಿಷ ಸಾಕು ಅಂತ ಹೇಳಿ ನಮ್ಮೂರಿನ ಒಬ್ಬ ಟ್ರಾವೆಲ್ ಏಜೆಂಟ್ ನಮ್ಮಿಂದ ಪೂರ್ತಿ ದುಡ್ಡು ಕಟ್ಟಿಸಿಕೊಂಡರು. ಅಂಥ ವಿಮಾನವೇ ಇರಲಿಲ್ಲ.

ನಮ್ಮ ಮಾವ ಪಿರಿಯಾಪಟ್ಟಣದಲ್ಲಿ ಮೇಷ್ಟ್ರಾಗಿದ್ದವರು. ಬೈಲುಕುಪ್ಪೆಯಲ್ಲಿ ಅವರಿಗೆ ಟಿಬೆಟನ್ ಸ್ನೇಹಿತರು ಬಹಳ. ದಲೈ ಲಾಮಾ ಇರುವ ಧರ್ಮಶಾಲಾ ನೋಡಬೇಕು ಅನ್ನುವುದು ಹಳೆಯ ಆಸೆ. ಅದಕ್ಕೇ ಲೇಹ್ ಜೊತೆ ಅದನ್ನೂ ಸೇರಿಸಿದ್ದೆವು. ಏಜೆಂಟ್ ಕೊಟ್ಟ ಹಾಳೆಯಲ್ಲಿ ಉಳಿದೆಲ್ಲ ವಿಮಾನಗಳಿಗೂ ನಂಬರ್, ಪಿಎನ್‌ಆರ್ ಇತ್ತು. ಇದೊಂದರ ಮುಂದೆ ಮಾತ್ರ 'ಕನ್ಫರ್ಮ್, ನಂತರ ಕಳಿಸಲಾಗುವುದು' ಅಂತ ಬರೆದಿತ್ತು. ಕೇಳಿದಾಗಲೆಲ್ಲ "ಸೀಟ್ ಬ್ಲಾಕ್ ಮಾಡಿದ್ದೀನಿ ಮೇಡಂ, ಹಿಂದಿನ ದಿನ ಬರುತ್ತೆ" ಅನ್ನುವ ಉತ್ತರ. ನಾವು ಲೇಹ್ ತಲುಪಿದ ಮೇಲೆ ಅವರು ಫೋನೇ ಎತ್ತಲಿಲ್ಲ.

ಆ 50 ನಿಮಿಷ ಎಲ್ಲಿಂದ ಬಂತು ಅಂತ ಆಮೇಲೆ ತಿಳಿಯಿತು. ದೂರ ಲೆಕ್ಕ ಹಾಕುವ ವೆಬ್‌ಸೈಟ್‌ಗಳು ಎರಡು ನಿಲ್ದಾಣಗಳ ನಡುವೆ ನೇರ ಗೆರೆ ಎಳೆಯುತ್ತವೆ. ಲೇಹ್‌ನಿಂದ ಧರ್ಮಶಾಲಾ ಹತ್ತಿರದ ಗಗ್ಗಲ್‌ಗೆ ಹಾಗೆ ಸುಮಾರು 250 ಕಿ.ಮೀ. ಅದನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ ಆಯಿತು, 50 ನಿಮಿಷ. ಆ ದಾರಿಯಲ್ಲಿ ವಿಮಾನ ಓಡುತ್ತದೋ ಇಲ್ಲವೋ ಅನ್ನುವುದು ಆ ಲೆಕ್ಕಕ್ಕೆ ಬೇಕೇ ಇಲ್ಲ. ಮೈಸೂರು–ಮಂಗಳೂರು ಹಾಕಿದರೂ ಮುಕ್ಕಾಲು ಗಂಟೆ ಅನ್ನುತ್ತದೆ. ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಚಿಕ್ಕ ರನ್‌ವೇಯಲ್ಲಿ ಇಳಿಯುವುದು ಎಟಿಆರ್‌ನಂಥ ಸಣ್ಣ ವಿಮಾನ, ಅದರ ವೇಗ 500 ಕಿ.ಮೀ. ಆಸುಪಾಸು ಅನ್ನುವುದನ್ನೂ ಅದು ನೋಡುವುದಿಲ್ಲ.

ನಿಜವಾದ ದಾರಿ ದೆಹಲಿ ಸುತ್ತಿ. ಲೇಹ್ ನಿಲ್ದಾಣ ಇರುವುದು 3,200 ಮೀಟರ್‌ಗೂ ಎತ್ತರದಲ್ಲಿ. ಗಾಳಿ ತೆಳು, ಮಧ್ಯಾಹ್ನ ಬಿರುಗಾಳಿ ಬೇರೆ. ಹಾಗಾಗಿ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ. ಅದು ತಪ್ಪಿದರೆ ಸಾಮಾನ್ಯವಾಗಿ ಮಾರನೇ ದಿನವೇ ಗತಿ. ರಸ್ತೆಯಲ್ಲಿ ಮನಾಲಿಗೇ 400 ಕಿ.ಮೀ. ಮೇಲಾಗುತ್ತದೆ, ನಡುವೆ 5,000 ಮೀಟರ್ ದಾಟುವ ಘಾಟಿಗಳು. ಬಿಪಿ ಇರುವ ಮಾವನನ್ನು ಆ ದಾರಿಯಲ್ಲಿ ಕರೆದುಕೊಂಡು ಹೋಗುವುದು ಹೇಗೆ? ಮಾರನೇ ದಿನ ದುಬಾರಿ ಟಿಕೆಟ್ ತೆಗೆದು ದೆಹಲಿಗೆ ಬಂದೆವು. ಅಲ್ಲಿ ಗಗ್ಗಲ್ ವಿಮಾನ ಮೋಡದಿಂದಾಗಿ ರದ್ದು. ಧೌಲಾಧಾರ್ ಬೆಟ್ಟದ ಬುಡದ ಆ ನಿಲ್ದಾಣದಲ್ಲಿ ಇದು ಅಪರೂಪವೇನಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋದೆವು, ಮಾವನ ಕಾಲು ಊದಿಕೊಂಡು ಚಪ್ಪಲಿ ಹಾಕಲು ಆಗಲಿಲ್ಲ. ಹೋಟೆಲ್ ದುಡ್ಡಂತೂ ವಾಪಸ್ ಇಲ್ಲ.

ಪಿಎನ್‌ಆರ್ ಕೈಗೆ ಬಂದು, ಅದನ್ನು ವಿಮಾನ ಕಂಪನಿಯ ಸೈಟಿನಲ್ಲೇ ಹಾಕಿ ನೋಡುವ ತನಕ ಬಾಕಿ ಹಣ ಕೊಡಬೇಡಿ. ದೆಹಲಿ ಮೂಲಕ ಹೋಗುವುದಾದರೆ ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆ ಹೊರುವುದಿಲ್ಲ. ವಯಸ್ಸಾದವರಿದ್ದರೆ ನಡುವೆ ಒಂದು ದಿನ ಖಾಲಿ ಬಿಡಿ, ಖರ್ಚು ಜಾಸ್ತಿಯಾದರೂ ಪರವಾಗಿಲ್ಲ.

ಈಗಾಗಲೇ ಮೋಸ ಹೋಗಿದ್ದರೆ 1915ಕ್ಕೆ ಕರೆ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ನೀವೇ ದೂರು ಕೊಡಬಹುದು, ವಕೀಲರು ಬೇಕೇಬೇಕು ಅಂತಿಲ್ಲ. ನೀವು ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಏಜೆಂಟ್ ಕಳಿಸಿದ ವಾಟ್ಸಾಪ್ ಮೆಸೇಜ್‌ಗಳನ್ನು ಮಾತ್ರ ಡಿಲೀಟ್ ಮಾಡಬೇಡಿ. ನಮ್ಮ ದೂರು ನಿಂತಿರುವುದೇ ಅವುಗಳ ಮೇಲೆ.