ಟ್ರೇಡಿಂಗ್‌ಗೆ ಲ್ಯಾಪ್‌ಟಾಪ್, ಮ್ಯಾಕ್, ಲಿನಕ್ಸ್ ಎಲ್ಲ ನೋಡಿ ಡೆಸ್ಕ್‌ಟಾಪ್‌ಗೆ ಬಂದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಸೆಕೆಂಡ್ ಹ್ಯಾಂಡ್ ವಿಂಡೋಸ್ ಡೆಸ್ಕ್‌ಟಾಪ್ ಕಡೆಗೆ. ಆಫೀಸುಗಳಲ್ಲಿ ಮಾನಿಟರ್ ಪಕ್ಕದಲ್ಲಿ ಒಂದು ಪುಟ್ಟ ಕಪ್ಪು ಡಬ್ಬ ಇಟ್ಟಿರುತ್ತಾರಲ್ಲ, ಅಂಥದ್ದು. ಒಂದು ವರ್ಷದಿಂದ ಅದರಲ್ಲೇ ಟ್ರೇಡ್ ಮಾಡುತ್ತಿದ್ದೇನೆ. ಅದಕ್ಕೆ ಮುಂಚೆ ತೆಳ್ಳಗಿನ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಒಂದೂವರೆ ವರ್ಷ ಕಳೆದೆ. ಆಮೇಲೆ ಮನೆಯಲ್ಲಿದ್ದ ಮ್ಯಾಕ್‌ಬುಕ್ ಏರ್ ಮೂರು ತಿಂಗಳು ಬಳಸಿದೆ. ನಂತರ ಹಳೇ ಲ್ಯಾಪ್‌ಟಾಪ್‌ಗೇ ಉಬುಂಟು ಅನ್ನುವ ಲಿನಕ್ಸ್ ಹಾಕಿಕೊಂಡು ಎರಡು ತಿಂಗಳು ಓಡಿಸಿದೆ.

ನಾನು ಹೇಗೆ ಟ್ರೇಡ್ ಮಾಡುತ್ತೇನೆ ಅನ್ನುವುದು ಗೊತ್ತಿದ್ದರೆ ಮುಂದಿನ ಮಾತು ಸರಿಯಾಗಿ ಅರ್ಥವಾಗುತ್ತದೆ. ದಿನಕ್ಕೆ ಎರಡು ಮೂರು ಟ್ರೇಡ್, ಅಷ್ಟೇ. ಕೆಲವು ಗಂಟೆಗಟ್ಟಲೆ ತೆರೆದಿರುತ್ತವೆ. ಚಾರ್ಟ್ ನೋಡುವುದು ಟ್ರೇಡಿಂಗ್‌ವ್ಯೂನಲ್ಲಿ, ಆರ್ಡರ್ ಹಾಕುವುದು ಮೆಟಾಟ್ರೇಡರ್ 5ರಲ್ಲಿ. ಟ್ರೇಡ್‌ಗಳ ಲೆಕ್ಕ ಇಡಲು ಪೈಥಾನ್‌ನಲ್ಲಿ ಬರೆದುಕೊಂಡ ಒಂದೆರಡು ಸಣ್ಣ ಸ್ಕ್ರಿಪ್ಟ್ ಇವೆ. ಸೆಕೆಂಡುಗಳಲ್ಲಿ ಹೊಕ್ಕು ಹೊರಡುವ ಸ್ಕಾಲ್ಪಿಂಗ್ ನನಗೆ ಒಗ್ಗಿಲ್ಲ. ಹಾಗಾಗಿ ಅತಿ ವೇಗದ ಪ್ರೊಸೆಸರ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಈಗಿನ ಸಾಧಾರಣ ಪ್ರೊಸೆಸರ್, 16 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದ್ದರೆ ಈ ಕೆಲಸಕ್ಕೆ ಸಾಕು.

ಲ್ಯಾಪ್‌ಟಾಪ್ ಯಾಕೆ ಬಿಟ್ಟೆ ಅನ್ನುವುದಕ್ಕೆ ಕಾರಣ ಒಂದು ಮಧ್ಯಾಹ್ನ ಆದದ್ದು. ಲೆಕ್ಕ ಸುಲಭವಾಗಲಿ ಅಂತ ದುಂಡಗಿನ ಅಂಕಿಗಳಲ್ಲಿ ಹೇಳುತ್ತೇನೆ. 1500ರಲ್ಲಿ ಖರೀದಿ ಮಾಡಿದ್ದೆ. 20ರ ಟ್ರೇಲಿಂಗ್ ಸ್ಟಾಪ್ ಹಾಕಿದ್ದೆ. ಬೆಲೆ ಮೇಲೆ ಹೋದ ಹಾಗೆ ಸ್ಟಾಪ್ ಲಾಸ್ (ಬೆಲೆ ಅಲ್ಲಿಗಿಳಿದರೆ ಟ್ರೇಡ್ ತಾನೇ ಮುಗಿಯುವ ಮಟ್ಟ) ಕೂಡ 20ರ ಅಂತರ ಇಟ್ಟುಕೊಂಡು ಹಿಂದೆಯೇ ಏರಬೇಕು. ಬೆಲೆ 1535 ಮುಟ್ಟಿತು. ಸ್ಟಾಪ್ 1515ಕ್ಕೆ ಬಂತು. ಇನ್ನು ಏನೇ ಆದರೂ ನಷ್ಟವಿಲ್ಲ ಅಂತ ನೆಮ್ಮದಿಯಾಗಿ ಊಟಕ್ಕೆ ಎದ್ದೆ. ಏಳುವಾಗ ಅಭ್ಯಾಸದಂತೆ ಲ್ಯಾಪ್‌ಟಾಪ್ ಮುಚ್ಚಿದೆ.

ಮುಕ್ಕಾಲು ಗಂಟೆ ಬಿಟ್ಟು ಬಂದು ತೆರೆದಾಗ ಟ್ರೇಡ್ ಮುಗಿದಿತ್ತು. ಮುಗಿದದ್ದು 1515ರಲ್ಲಿ. ಚಾರ್ಟ್ ತುಂಬಿಕೊಳ್ಳಲಿ ಅಂತ ಕಾದು ನೋಡಿದರೆ, ಬೆಲೆ 1580ರ ತನಕ ಹೋಗಿ ಇಳಿದಿದೆ. ಹಾಗಿದ್ದರೆ ಸ್ಟಾಪ್ 1560ಕ್ಕೆ ಏರಿರಬೇಕಿತ್ತು ಅಲ್ವಾ? 60 ಬರಬೇಕಾದ ಕಡೆ 15 ಬಂತು. ತಪ್ಪು ಬ್ರೋಕರ್‌ನದೇ ಅಂದುಕೊಂಡು ಉದ್ದದ ಮೇಲ್ ಬರೆದೆ. ಅವರು ಸಮಾಧಾನದಿಂದ ಎರಡು ಸಾಲಿನ ಉತ್ತರ ಕಳಿಸಿದರು: ಸ್ಟಾಪ್ ಲಾಸ್ ನಮ್ಮ ಸರ್ವರ್‌ನಲ್ಲಿರುತ್ತದೆ, ಟ್ರೇಲಿಂಗ್ ಸ್ಟಾಪ್ ನಿಮ್ಮ ಕಂಪ್ಯೂಟರ್‌ನಲ್ಲಿರುತ್ತದೆ.

ಈ ವಿಷಯ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಮೆಟಾಟ್ರೇಡರ್ 4 ಇರಲಿ, 5 ಇರಲಿ, ಮಾಮೂಲಿ ಸ್ಟಾಪ್ ಲಾಸ್ ಬ್ರೋಕರ್ ಸರ್ವರ್‌ನಲ್ಲಿ ಕೂತಿರುತ್ತದೆ. ನಿಮ್ಮ ಕಂಪ್ಯೂಟರ್ ಆಫ್ ಆದರೂ ಅದು ಕೆಲಸ ಮಾಡುತ್ತದೆ. ಆದರೆ ಆ ಸ್ಟಾಪನ್ನು ಮೇಲೆ ಮೇಲೆ ಸರಿಸುವ ಕೆಲಸ ನಿಮ್ಮ ಮೇಜಿನ ಮೇಲಿರುವ ಪ್ರೋಗ್ರಾಮಿನದು. ಅದು ಪ್ರತಿಸಲ ಹೊಸ ಬೆಲೆ ನೋಡಿ, ಸ್ಟಾಪ್ ಬದಲಾಯಿಸಿ ಅಂತ ಸರ್ವರ್‌ಗೆ ಹೇಳಿಕಳಿಸಬೇಕು. ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಅದು ಸ್ಲೀಪ್‌ಗೆ ಹೋಯಿತು, ನೆಟ್ ಕಡಿಯಿತು, ಹೇಳಿಕಳಿಸುವವರು ಯಾರೂ ಇಲ್ಲದೆ ಸ್ಟಾಪ್ 1515ರಲ್ಲೇ ನಿಂತಿತು. ತಾನೇ ಟ್ರೇಡ್ ಮಾಡುವ ಪ್ರೋಗ್ರಾಮ್, ಅಂದರೆ ರೋಬೋಟ್ ಓಡಿಸುವವರಿಗೂ ಇದೇ ಮಾತು. ಅದೂ ನಿಮ್ಮ ಕಂಪ್ಯೂಟರ್ ಎದ್ದಿರುವ ತನಕ ಮಾತ್ರ.

ಮುಚ್ಚಿದರೂ ಸ್ಲೀಪ್ ಆಗದ ಹಾಗೆ ಸೆಟ್ಟಿಂಗ್ ಬದಲಾಯಿಸಬಹುದಲ್ಲ ಅಂತ ನೀವು ಕೇಳಬಹುದು. ಬದಲಾಯಿಸಿದೆ. ಆಮೇಲೆ ಬೇರೆ ತಾಪತ್ರಯ ಶುರುವಾಯಿತು. ಮುಚ್ಚಿಟ್ಟ ತೆಳು ಲ್ಯಾಪ್‌ಟಾಪ್ ಬಿಸಿಯಾಗುತ್ತದೆ. ದಿನವಿಡೀ ಚಾರ್ಜರ್ ಹಾಕಿಯೇ ಇರಬೇಕು. ಲಿಥಿಯಂ ಬ್ಯಾಟರಿಗೆ ಸದಾ ಪೂರ್ತಿ ಚಾರ್ಜ್‌ನಲ್ಲಿರುವುದೂ ಆಗದು, ಬಿಸಿಯೂ ಆಗದು. ಎರಡೂ ಒಟ್ಟಿಗೆ ಸೇರಿದರೆ ಬೇಗ ಸವೆಯುತ್ತದೆ. ಮತ್ತೆ ಅದೇ ಲ್ಯಾಪ್‌ಟಾಪನ್ನು ಮನೆಯವರು ವಿಡಿಯೋ ನೋಡಲು ಎತ್ತಿಕೊಂಡು ಹೋಗುತ್ತಾರೆ. ಒಂದು ಸಲ ಟ್ರೇಡ್ ನಡೆಯುತ್ತಿರುವಾಗಲೇ ಪಕ್ಕದ ಕೋಣೆಗೆ ಹೋಗಿತ್ತು, ಅಲ್ಲಿ ವೈಫೈ ಸಿಗ್ನಲ್ ಅರ್ಧಕ್ಕರ್ಧ. ಕೈಗೆ ಸಿಗುವ, ಎತ್ತಿಕೊಂಡು ಓಡಾಡಬಹುದಾದ ವಸ್ತುವನ್ನು ಒಂದೇ ಜಾಗದಲ್ಲಿ ಕೂರಿಸುವುದು ಕಷ್ಟ. ಡೆಸ್ಕ್‌ಟಾಪ್‌ಗೆ ಮುಚ್ಚಲು ಮುಚ್ಚಳವೇ ಇಲ್ಲ. ಅದನ್ನು ಯಾರೂ ಹೊತ್ತುಕೊಂಡು ಹೋಗುವುದೂ ಇಲ್ಲ. ನನಗೆ ಅದೇ ದೊಡ್ಡ ಗುಣ.

ಮ್ಯಾಕ್ ಬಗ್ಗೆ ನನಗೆ ಪ್ರೀತಿಯೇ ಇದೆ. ಎಂ1 ಚಿಪ್‌ನ ಏರ್‌ಗೆ ಫ್ಯಾನ್ ಇಲ್ಲ, ಒಂದು ಚೂರೂ ಸದ್ದಿಲ್ಲ. ಪರದೆ ಕಣ್ಣಿಗೆ ಹಿತ. ಬ್ರೌಸರ್‌ನಲ್ಲಿ ಹತ್ತು ಚಾರ್ಟ್ ತೆರೆದರೂ ತಡವರಿಸುವುದಿಲ್ಲ. ಆದರೆ ಮೆಟಾಟ್ರೇಡರ್ ಮೂಲದಲ್ಲಿ ವಿಂಡೋಸ್‌ಗೆ ಬರೆದ ಪ್ರೋಗ್ರಾಮ್. ಮ್ಯಾಕ್‌ನಲ್ಲಿ ಅದು ವೈನ್ ಅನ್ನುವ ಮಧ್ಯವರ್ತಿಯ ಮೂಲಕ ಓಡುತ್ತದೆ. ಹಳೇ ಇಂಟೆಲ್ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಬಳಸಿ ವಿಂಡೋಸನ್ನೇ ಹಾಕಿಕೊಳ್ಳಬಹುದಿತ್ತು. 2020ರಲ್ಲಿ ಎಂ1 ಬಂದಾಗ ಆ ದಾರಿ ಮುಚ್ಚಿತು. ಈಗ ವಿಂಡೋಸ್ ಬೇಕಾದರೆ ವರ್ಚುವಲ್ ಮೆಷಿನ್, ಅಂದರೆ ಮ್ಯಾಕ್ ಒಳಗೇ ಸಾಫ್ಟ್‌ವೇರ್‌ನಲ್ಲಿ ಮಾಡಿದ ಇನ್ನೊಂದು ಕಂಪ್ಯೂಟರ್ ಒಳಗೆ ಓಡಿಸಬೇಕು. ನಾನು ಎರಡೂ ಮಾಡಿ ನೋಡಿದೆ. ಎರಡೂ ನಡೆಯುತ್ತವೆ.

ನಡೆಯುತ್ತವೆ, ಆದರೆ ಕೈ ತಪ್ಪುತ್ತದೆ. ಮೆಟಾಟ್ರೇಡರ್‌ನಲ್ಲಿ ಎಫ್9 ಒತ್ತಿದರೆ ಹೊಸ ಆರ್ಡರ್ ಕಿಟಕಿ ತೆರೆಯುತ್ತದೆ. ವರ್ಷಗಟ್ಟಲೆ ಒತ್ತಿ ಒತ್ತಿ ಬೆರಳಿಗೆ ಅದು ರೂಢಿಯಾಗಿದೆ. ಮ್ಯಾಕ್‌ಬುಕ್‌ನಲ್ಲಿ ಅದೇ ಗುಂಡಿ ಮುಂದಿನ ಹಾಡಿಗೆ ಹೋಗುವುದಕ್ಕೆ. ಅದನ್ನು ಬದಲಾಯಿಸುವ ಸೆಟ್ಟಿಂಗ್ ಇದೆ, ನಿಜ. ಆಗ ಬೆಳಕು, ಸದ್ದು ಹೆಚ್ಚು ಕಡಿಮೆ ಮಾಡಲು ಬೇರೆ ಗುಂಡಿ ಹಿಡಿದು ಒತ್ತಬೇಕು. ವಿಂಡೋಸ್‌ನಲ್ಲಿ ಕಂಟ್ರೋಲ್ ಒತ್ತುವ ಕಡೆ ಮ್ಯಾಕ್‌ನಲ್ಲಿ ಕಮಾಂಡ್, ವರ್ಚುವಲ್ ಮೆಷಿನ್ ಒಳಗೆ ಮತ್ತೆ ಕಂಟ್ರೋಲ್. ಬೆಲೆ ಓಡುತ್ತಿರುವಾಗ ಯಾವ ಗುಂಡಿ ಅಂತ ಒಂದು ಕ್ಷಣ ಯೋಚಿಸಬೇಕಾಗಿ ಬಂದರೂ ನನಗೆ ಗಾಬರಿಯಾಗುತ್ತದೆ.

ಇನ್ನೊಂದು, ಎಂ1 ಮತ್ತು ಎಂ2 ಏರ್‌ಗಳಿಗೆ ಹೊರಗಿನ ಮಾನಿಟರ್ ಒಂದೇ ಒಂದು. ಎರಡು ಬೇಕಾದರೆ ಡಿಸ್‌ಪ್ಲೇಲಿಂಕ್ ಇರುವ ಅಡಾಪ್ಟರ್ ಮತ್ತು ಅದರ ಡ್ರೈವರ್ ಹಾಕಬೇಕು. ಎಂ4 ಏರ್‌ನಲ್ಲಿ ಎರಡು ಹಾಕಬಹುದು. ಮ್ಯಾಕ್ ಮಿನಿ ಕೊಳ್ಳುವವರಿಗೂ ಈ ತೊಂದರೆ ಇಲ್ಲ.

ಟ್ರೇಡಿಂಗೆಲ್ಲ ಬ್ರೌಸರ್‌ನಲ್ಲೇ ಮಾಡುವವರು ಮೇಲೆ ಹೇಳಿದ ಮೆಟಾಟ್ರೇಡರ್, ಗುಂಡಿಗಳ ತಾಪತ್ರಯ ಮರೆತುಬಿಡಿ. ನಿಮಗೆ ಮ್ಯಾಕ್ ಚೆನ್ನಾಗಿಯೇ ಹೊಂದುತ್ತದೆ. ಇಂಟರಾಕ್ಟಿವ್ ಬ್ರೋಕರ್ಸ್‌ನ ಟಿಡಬ್ಲ್ಯುಎಸ್, ಥಿಂಕ್‌ಆರ್‌ಸ್ವಿಮ್ ಥರದ ಟ್ರೇಡಿಂಗ್ ಪ್ರೋಗ್ರಾಮ್‌ಗಳು ಜಾವಾದಲ್ಲಿ ಬರೆದವು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರು ಕಡೆಯೂ ನೇರವಾಗಿ ಓಡುತ್ತವೆ. ನಿಂಜಾಟ್ರೇಡರ್‌ನ ಡೆಸ್ಕ್‌ಟಾಪ್ ಪ್ರೋಗ್ರಾಮ್ ವಿಂಡೋಸ್‌ಗೆ ಮಾತ್ರ. ಅದಕ್ಕೇ ಕಂಪ್ಯೂಟರ್ ಹುಡುಕುವ ಮುಂಚೆ ಯಾವ ಪ್ರೋಗ್ರಾಮಿನಲ್ಲಿ ಆರ್ಡರ್ ಹಾಕುತ್ತೀರಿ ಅನ್ನುವುದನ್ನು ತೀರ್ಮಾನಿಸಿಕೊಳ್ಳಿ. ನಾನು ಉಲ್ಟಾ ಮಾಡಿದ್ದೆ.

ಲಿನಕ್ಸ್‌ನಲ್ಲಿ ಕಳೆದ ಎರಡು ತಿಂಗಳು ನಿಜಕ್ಕೂ ನೆಮ್ಮದಿಯವು. ಅದೇ ಹಳೇ ಲ್ಯಾಪ್‌ಟಾಪ್ ಹಗುರಾದ ಹಾಗೆ ಅನ್ನಿಸಿತು. ಉಬುಂಟು ಭದ್ರತೆಯ ಅಪ್‌ಡೇಟ್‌ಗಳನ್ನು ತಾನೇ ಹಾಕಿಕೊಳ್ಳುತ್ತದೆ, ಆದರೆ ನೀವು ಹೇಳದೆ ರೀಸ್ಟಾರ್ಟ್ ಆಗುವುದಿಲ್ಲ. ಟ್ರೇಡರ್‌ಗೆ ಇದಕ್ಕಿಂತ ಒಳ್ಳೇ ಗುಣ ಬೇಕಾ? ಮೆಟಾಟ್ರೇಡರ್ ಮಾಡಿದವರೇ ಲಿನಕ್ಸ್‌ಗೆ ಒಂದು ಇನ್‌ಸ್ಟಾಲ್ ಸ್ಕ್ರಿಪ್ಟ್ ಕೊಟ್ಟಿದ್ದಾರೆ. ಅದು ವೈನ್ ಸಮೇತ ಎಲ್ಲವನ್ನೂ ಹಾಕಿಕೊಡುತ್ತದೆ. ನನಗೆ ಮೊದಲ ಸಲಕ್ಕೇ ಸರಿಯಾಗಿ ಬಂತು.

ಸಿಕ್ಕಿಹಾಕಿಕೊಂಡದ್ದು ಪೈಥಾನ್‌ನಲ್ಲಿ. ಮೆಟಾಟ್ರೇಡರ್ 5ರ ಜೊತೆ ಮಾತಾಡುವ ಅಧಿಕೃತ ಪೈಥಾನ್ ಪ್ಯಾಕೇಜ್ ವಿಂಡೋಸ್‌ಗೆ ಮಾತ್ರ. ಲಿನಕ್ಸ್‌ನಲ್ಲಿ ಅದನ್ನು ಬಳಸಬೇಕಾದರೆ ವೈನ್ ಒಳಗೆ ವಿಂಡೋಸ್‌ನ ಪೈಥಾನನ್ನೇ ಹಾಕಿ, ಅಲ್ಲಿಂದ ಹೊರಗೆ ಒಂದು ಸೇತುವೆ ಕಟ್ಟಬೇಕು. ಒಂದು ವಾರಾಂತ್ಯ ಪೂರ್ತಿ ಕೂತು ಕಟ್ಟಿದೆ. ಓಡಿತು ಕೂಡ. ಆದರೆ ವೈನ್ ಹೊಸ ಆವೃತ್ತಿ ಬಂದಾಗ, ಮೆಟಾಟ್ರೇಡರ್ ತಾನೇ ಅಪ್‌ಡೇಟ್ ಆದಾಗ, ನಾಳೆ ಬೆಳಿಗ್ಗೆ ಇದು ಏಳುತ್ತದಾ ಇಲ್ಲವಾ ಅನ್ನುವ ಅಳುಕು ಹೋಗಲಿಲ್ಲ. ಏನಾದರೂ ಕೆಟ್ಟರೆ ಬ್ರೋಕರ್‌ನ ಸಹಾಯವಾಣಿಯವರು ಕೇಳುವ ಮೊದಲ ಪ್ರಶ್ನೆ, ವಿಂಡೋಸ್ ಯಾವುದು ಅಂತ.

ಲಂಡನ್ ಸ್ಟಾಕ್ ಎಕ್ಸ್‌ಚೇಂಜ್ 2011ರಲ್ಲಿ ಮೈಕ್ರೋಸಾಫ್ಟ್ ಡಾಟ್‌ನೆಟ್ ಮೇಲೆ ಕಟ್ಟಿದ್ದ ವ್ಯವಸ್ಥೆ ಬಿಟ್ಟು ಲಿನಕ್ಸ್ ಮೇಲೆ ಓಡುವ ವ್ಯವಸ್ಥೆಗೆ ಹೋಯಿತು. ಅದನ್ನು ತೋರಿಸಿ, ಎಕ್ಸ್‌ಚೇಂಜ್‌ಗಳೇ ಲಿನಕ್ಸ್ ಬಳಸುವಾಗ ನಾವ್ಯಾಕೆ ಬೇಡ ಅಂತ ವಾದಿಸುವವರಿದ್ದಾರೆ. ಅಲ್ಲಿ ಆ ವ್ಯವಸ್ಥೆ ನೋಡಿಕೊಳ್ಳಲು ಒಂದು ತಂಡವೇ ಇರುತ್ತದೆ. ಮನೆಯಲ್ಲಿ ಟ್ರೇಡ್ ಮಾಡುವವನೂ ನಾನೇ, ರಿಪೇರಿ ಮಾಡುವವನೂ ನಾನೇ.

ಈಗ ನನ್ನ ಡಬ್ಬದ ವಿಷಯ. ಹೊಸ ಲ್ಯಾಪ್‌ಟಾಪ್‌ಗೆ ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಕಡಿಮೆಗೆ ಇದು ಬಂತು. ಉಳಿದದ್ದರಲ್ಲಿ ಎರಡು ಮಾನಿಟರ್, ಒಂದು ಯುಪಿಎಸ್ ತೆಗೆದುಕೊಂಡೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿಯೇ ಯುಪಿಎಸ್, ಆ ವಿಷಯದಲ್ಲಿ ಅದೇ ಮೇಲು. ಡೆಸ್ಕ್‌ಟಾಪ್ ತೆಗೆದುಕೊಂಡರೆ ಯುಪಿಎಸ್ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ರೂಟರನ್ನೂ ಅದಕ್ಕೇ ಜೋಡಿಸಿ. ಕರೆಂಟ್ ಹೋದಾಗ ಕಂಪ್ಯೂಟರ್ ಉಳಿದು ನೆಟ್ ಹೋದರೆ ಏನು ಬಂತು? ನೆಟ್‌ಗೆ ಕೇಬಲ್ಲೇ ಎಳೆದಿದ್ದೇನೆ. ವೈಫೈ ವೇಗ ಸಾಕಾಗುತ್ತದೆ, ಆದರೆ ಆಗಾಗ ಒಂದು ಕ್ಷಣ ತಡೆದು ಬರುತ್ತದೆ. ಆ ಒಂದು ಕ್ಷಣ ನನಗೆ ಬೇಡ. ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ.

ವಿಂಡೋಸ್ ಕೊಂಡ ಹಾಗೇ ಬಿಟ್ಟರೆ ಟ್ರೇಡಿಂಗ್‌ಗೆ ಆಗುವುದಿಲ್ಲ. ನಾನು ಮೊದಲ ದಿನವೇ ಸ್ಲೀಪ್ ಪೂರ್ತಿ ಆಫ್ ಮಾಡಿದೆ. ಆಮೇಲೆ ಆ್ಯಕ್ಟಿವ್ ಅವರ್ಸ್ ಹೊಂದಿಸಿದೆ. ಆ ಹೊತ್ತಿನಲ್ಲಿ ಅಪ್‌ಡೇಟ್‌ಗಾಗಿ ತಾನೇ ರೀಸ್ಟಾರ್ಟ್ ಆಗುವುದಿಲ್ಲ. ಹೆಚ್ಚೆಂದರೆ 18 ಗಂಟೆ ಇಡಬಹುದು, ನಾನು ಅಷ್ಟನ್ನೂ ಇಟ್ಟಿದ್ದೇನೆ. ವಿಂಡೋಸ್ 11ರಲ್ಲಿ ಅಪ್‌ಡೇಟ್‌ಗಳನ್ನು ಐದು ವಾರದವರೆಗೆ ತಡೆದಿಡಬಹುದು. ನಾನು ತಡೆದಿಟ್ಟು, ಮಾರುಕಟ್ಟೆ ಮುಚ್ಚಿರುವ ಶನಿವಾರ ಕೈಯಾರೆ ಹಾಕುತ್ತೇನೆ. ನೆಟ್‌ವರ್ಕ್ ಕಾರ್ಡ್‌ನ ವಿದ್ಯುತ್ ಉಳಿಸುವ ಆಯ್ಕೆಯನ್ನೂ ತೆಗೆದಿದ್ದೇನೆ. ಹಾಗೆಯೇ ಟ್ರೇಲಿಂಗ್ ಸ್ಟಾಪ್ ಹಾಕಿ ದೂರ ಹೋಗಬೇಕಾದರೆ, ಸಾಮಾನ್ಯ ಟೇಕ್ ಪ್ರಾಫಿಟ್ (ಲಾಭ ಇಷ್ಟಾದಾಗ ಟ್ರೇಡ್ ಮುಗಿಸುವ ಆರ್ಡರ್) ಕೂಡ ಹಾಕಿ ಏಳುತ್ತೇನೆ. ಅದು ಸರ್ವರ್‌ನಲ್ಲಿರುತ್ತದೆ.

ದಿನದ 24 ಗಂಟೆ ರೋಬೋಟ್ ಓಡಿಸುವವರಿಗೆ ನನ್ನ ಡಬ್ಬವೂ ಬೇಡ. ಬ್ರೋಕರ್ ಸರ್ವರ್‌ಗೆ ಹತ್ತಿರವಿರುವ ವಿಪಿಎಸ್ (ಡೇಟಾ ಸೆಂಟರ್‌ನಲ್ಲಿ ಸದಾ ಓಡುತ್ತಿರುವ ಕಂಪ್ಯೂಟರ್‌ನ ಒಂದು ಪಾಲು) ಬಾಡಿಗೆಗೆ ತೆಗೆದುಕೊಳ್ಳಿ. ಮನೆಯಿಂದ ನೋಡಲು ಯಾವ ಕಂಪ್ಯೂಟರ್ ಆದರೂ ಸರಿ.

ಸೆಕೆಂಡ್ ಹ್ಯಾಂಡ್ ಅಂದರೆ ಹಿಂಜರಿಯುವವರಿಗೆ, ದುಡ್ಡು ಕೊಡುವ ಮುಂಚೆ ನಾನು ನೋಡಿದ್ದು ಇಷ್ಟು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ವಿಂಡೋಸ್ 11 ಓಡಲೇಬೇಕು. ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಕಂಪ್ಯೂಟರ್‌ನಲ್ಲಿ ಇರಬೇಕು. ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ನೋಡಿ. ಏಳನೆಯದು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ. ಹಿಂದುಗಡೆ ಮಾನಿಟರ್ ಕಿಂಡಿ ಎಷ್ಟಿವೆ ಎಣಿಸಿ. ಅವು ಡಿಸ್‌ಪ್ಲೇಪೋರ್ಟ್ ಆಗಿದ್ದು ನಿಮ್ಮ ಮಾನಿಟರ್ ಎಚ್‌ಡಿಎಂಐ ಆಗಿದ್ದರೆ ಸಣ್ಣ ಅಡಾಪ್ಟರ್ ಸಾಕು. ಕಂಪ್ಯೂಟರ್ ಕಡೆ ಎಚ್‌ಡಿಎಂಐ ಇದ್ದು ಮಾನಿಟರ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಮಾತ್ರ ಇದ್ದರೆ ಅದೇ ಅಡಾಪ್ಟರ್ ತಿರುಗಿಸಿ ಹಾಕಿದರೆ ನಡೆಯುವುದಿಲ್ಲ, ಬೇರೆಯೇ ಬೇಕು. ರ್‍ಯಾಮ್ ಕಿಂಡಿ ಒಂದಾದರೂ ಖಾಲಿ ಇದೆಯಾ ನೋಡಿ. ಎಸ್‌ಎಸ್‌ಡಿ ಹಳೆಯದಿದ್ದರೆ ಹೊಸದು ಹಾಕಿಸಿ, ವಿಂಡೋಸ್ ಮೊದಲಿನಿಂದ ಇನ್‌ಸ್ಟಾಲ್ ಮಾಡಿ. ಬೇರೆಯವರ ಹಳೇ ವಿಂಡೋಸ್ ಇರುವ ಕಂಪ್ಯೂಟರ್‌ನಲ್ಲಿ ಬ್ರೋಕರ್ ಪಾಸ್‌ವರ್ಡ್ ಟೈಪ್ ಮಾಡಬೇಡಿ.